ಮೆಟ್ಟಿಲಿನ ಸರದಿ

ಸ್ಟುಟ್‌ಗಾರ್ಟ್, ೫ ಮಾರ್ಚ್ ೧೯೬೬

ಪ್ರಿಯ ಟೆಕ್ಲಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ಬರೆದು ಮುಗಿಸೋಣವೆಂದರೆ ಆಗುವುದಿಲ್ಲ, ಬೆಳಗಿನಿಂದ ಮೈಯೆಲ್ಲ ಉರಿಯುತ್ತಿದೆ.

ನಮ್ಮ ಕಟ್ಟಡದ ಸರದಿ ಹಲಗೆ ನಿನಗೆ ಮರೆತಿರಲಾರದು. ನೀನು ಮದುವೆಯಾಗಿ ಹ್ಯಾಂಬರ್ಗಿಗೆ ಹೋದಾಗಲೂ ಇದೇ ಹಲಗೆ, ಇದೇ ದಾರ. ಯಾರ ಬಾಗಿಲ ಹಿಡಿಗೆ ಅದು ತೂಗಿದೆಯೋ ಆ ವಾರ ಮೆಟ್ಟಿಲು, ನೆಲಮಾಳಿಗೆಯ ದಾರಿ, ಮುಂದಿನ ಫುಟ್‌ಪಾತ್ ಎಲ್ಲವೂ ಅವರ ಪಾಲು. ಶನಿವಾರ ಗುಡಿಸಿ, ಒರೆಸಿ, ಹಲಗೆಯನ್ನು ಪಕ್ಕದವರ ಬಾಗಿಲಿಗೆ ತೂಗಿಹಾಕಿ ಬಂದರೆ ಒಂದು ಸುತ್ತು ಮುಗಿಯಿತು. ಮಂತ್ರಿಯಾದರೂ ಅಷ್ಟೆ, ಚಪ್ಪಲಿ ಹೊಲಿಯುವವನಾದರೂ ಅಷ್ಟೆ. ನಮ್ಮವರು ಕೊನೆಯ ವರ್ಷ ಕೆಮ್ಮುತ್ತ ಕೆಮ್ಮುತ್ತಲೇ ಹಿಮ ಎತ್ತಿಹಾಕಿದರು, ಪಕ್ಕದವರ ಸಹಾಯ ಕೇಳಲಿಲ್ಲ.

ಈಗ ಮೂರನೆಯ ಮಹಡಿಗೆ ಬಂದಿರುವ ಫಿಂಕ್ ಟೀಚರ್ ಏನು ಮಾಡಿದ್ದಾಳೆ ಗೊತ್ತೆ? ತನ್ನ ಸರದಿಗೆ ದುಡ್ಡು ಕೊಟ್ಟು ಒಬ್ಬ ಹೆಂಗಸನ್ನು ಇಟ್ಟುಕೊಂಡಿದ್ದಾಳೆ. ಹೊರಗೆ ಪೊರಕೆಯ ಸದ್ದು ಕೇಳಿ ಬಾಗಿಲು ತೆರೆದರೆ ತಲೆಗೆ ಬಟ್ಟೆ ಕಟ್ಟಿಕೊಂಡ ಯಾರೋ ಒಬ್ಬಳು ನನ್ನ ಹೊಸ್ತಿಲ ಮುಂದೆ ಮಂಡಿಯೂರಿದ್ದಾಳೆ.

“ಯಾರಮ್ಮಾ ನೀನು? ಇಲ್ಲೇನ್ ಮಾಡ್ತಿದೀಯ?” ಅಂದೆ.

“ಟೀಚರಮ್ಮನ ಸರದಿ. ಅದಕ್ಕೆ ಬಂದಿದೀನಿ.” ತಲೆ ಕೂಡ ಎತ್ತಲಿಲ್ಲ.

“ಯಾಕೆ, ಅವಳ ಕೈಗೇನಾಗಿದೆ?”

“ಅದನ್ನ ಅವರನ್ನೇ ಕೇಳಿ. ಸ್ವಲ್ಪ ಪಕ್ಕಕ್ಕೆ ನಿಲ್ತೀರಾ, ಅಲ್ಲಿ ಒದ್ದೆ ಇದೆ.”

ನಮ್ಮ ಮನೆ ಬಾಗಿಲಲ್ಲಿ ನಾನು ಪಕ್ಕಕ್ಕೆ ನಿಲ್ಲಬೇಕಂತೆ. ತನ್ನ ಕೊಳೆಯನ್ನು ತಾನೇ ತೆಗೆಯಲಾರದವಳು ಒಬ್ಬಳು, ದುಡ್ಡು ಕೊಟ್ಟರೆ ಯಾರ ಕೊಳೆಯನ್ನಾದರೂ ತೆಗೆಯುತ್ತೇನೆ ಅನ್ನುವವಳು ಇನ್ನೊಬ್ಬಳು. ಇಬ್ಬರಲ್ಲಿ ಕಡೆ ಯಾರು ಎಂದು ನನ್ನನ್ನು ಕೇಳಿದರೆ ಎರಡನೆಯವಳೇ. ಮೊದಲನೆಯವಳು ಸೋಮಾರಿ ಅಷ್ಟೆ. ಎರಡನೆಯವಳಿಗೆ ಮಾನವೇ ಇಲ್ಲ.

ನಾನು ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಮ್ಮವರು ಗಡಿಯಾರ ರಿಪೇರಿ ಮಾಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿದ್ದೇನೆ. ಕಿಟಕಿ ಪೂರ್ವಕ್ಕಿದೆ, ಒಲೆ ಚೆನ್ನಾಗಿ ಉರಿಯುತ್ತದೆ. ನಿನ್ನ ಹೆನ್ನಿಂಗ್ ತೀರಿಕೊಂಡು ಇಷ್ಟು ವರ್ಷವಾಯಿತು, ಆ ಗಾಳಿಯ ಊರಲ್ಲಿ ನಿನಗಿನ್ನು ಯಾರಿದ್ದಾರೆ? ಬಂದುಬಿಡು. ಇಬ್ಬರೇ ಇರೋಣ. ನಾನು ಬಲವಂತ ಮಾಡುತ್ತಿಲ್ಲ, ಆದರೆ ಬಾ.

ಕ್ರಿಸ್‌ಮಸ್‌ಗೆ ಕಳಿಸಿದ ಕುರಿತೊಗಲಿನ ಕೈಗವಸು ಹೇಗಿದೆ? ನೀನು ಅದರ ಬಗ್ಗೆ ಒಂದು ಮಾತೂ ಬರೆದಿಲ್ಲ.

ನಿನ್ನ ಪ್ರೀತಿಯ ಅಕ್ಕ,
ರೀಕೆ


ಹ್ಯಾಂಬರ್ಗ್, ೨೦ ಮಾರ್ಚ್ ೧೯೬೬

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಎರಡು ಸಲ ಓದಿದೆ. ಕೋಣೆಯ ಸುದ್ದಿ ಇದ್ದ ಕೊನೆಯ ಭಾಗವನ್ನು ಇನ್ನೂ ಹೆಚ್ಚು ಸಲ ಓದಿದೆ.

ನೀನು ಕೇಳಿದ್ದು ಸರಿಯಾದ ಹೊತ್ತಿಗೇ ಬಂತು. ನಮ್ಮ ಕಟ್ಟಡವನ್ನು ಕೆಡವಿ ಆಫೀಸು ಕಟ್ಟುತ್ತಾರಂತೆ. ಸೆಪ್ಟೆಂಬರ್ ಕೊನೆಯೊಳಗೆ ಎಲ್ಲರೂ ಖಾಲಿ ಮಾಡಬೇಕು. ಹೊಸ ಮನೆ ಹುಡುಕಿದೆ, ನನ್ನ ಕೈಗೆಟುಕುವುದೆಲ್ಲ ಊರಾಚೆ ಇವೆ. ನಿನ್ನ ಅಡುಗೆಮನೆ, ಅದರ ಕಿಟಕಿಯಿಂದ ಕಾಣುವ ದ್ರಾಕ್ಷಿತೋಟದ ಇಳಿಜಾರು ನನಗೆ ಕನಸಿನಲ್ಲೂ ಬರುತ್ತದೆ. ಬರಲು ಆಸೆಯಿದೆ, ಅಕ್ಕಾ. ಇದನ್ನು ಸುತ್ತಿ ಬಳಸಿ ಹೇಳುವುದೇಕೆ.

ಒಂದೇ ಒಂದು ಮಾತು. ಆ ಹೆಂಗಸು ಕೆಲಸವನ್ನು ಚೆನ್ನಾಗಿ ಮಾಡಿದಳೆ? ಮೂಲೆಗಳನ್ನು ಒರೆಸಿದ್ದಳೆ? ನೀನು ಅದನ್ನು ಬರೆಯಲಿಲ್ಲ, ಅದಕ್ಕೆ ಕೇಳಿದೆ.

ಕೈಗವಸು ಬಹಳ ಚೆನ್ನಾಗಿದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದೇನೆ.

ನಿನ್ನ ತಂಗಿ,
ಟೆಕ್ಲಾ


ಸ್ಟುಟ್‌ಗಾರ್ಟ್, ೨ ಏಪ್ರಿಲ್ ೧೯೬೬

ಪ್ರಿಯ ಟೆಕ್ಲಾ,

ಕೈಗವಸನ್ನು ಪೆಟ್ಟಿಗೆಯಲ್ಲಿಡಲು ನಾನು ಕಳಿಸಿದೆನೆ? ನೀನು ಚಿಕ್ಕಂದಿನಿಂದಲೂ ಹೀಗೆಯೇ, ಒಳ್ಳೆಯದನ್ನೆಲ್ಲ ಎತ್ತಿಡುವುದು.

ನೀನು ಬರುತ್ತೀಯೆಂದು ಓದಿ ಆ ಖುಷಿಗೆ ಕೆಳಗಿಳಿದು ಹೇಬರ್ಲೆಯಮ್ಮನ ಬೇಕರಿಗೆ ಹೋಗಿ ಒಂದು ಕೇಕೇ ತಂದುಬಿಟ್ಟೆ. ಹೇಬರ್ಲೆಯಮ್ಮನಿಗೆ ಹೇಳಿದೆ, “ನನ್ ತಂಗಿ ಬರ್ತಿದಾಳೆ. ಹ್ಯಾಂಬರ್ಗಲ್ಲಿ ಹಡಗು ಕಂಪನಿ ಅಧಿಕಾರಿ ಹೆಂಡ್ತಿ.” ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ಬೀದಿಯಲ್ಲಿ ಇಂಥ ಮಾತು ಸಂಜೆಯೊಳಗೆ ಚರ್ಚಿನ ತನಕ ಹೋಗುತ್ತದೆ.

ಆ ಕೂಲಿಯವಳ ಕೆಲಸದ ಬಗ್ಗೆ ಕೇಳಿದ್ದೀಯ. ನಾನು ಬಿಳಿ ಕರವಸ್ತ್ರ ತೆಗೆದುಕೊಂಡು ಹೋಗಿ ಮೆಟ್ಟಿಲ ಕಂಬಿಗಳ ಸಂದಿ, ಹೊಸ್ತಿಲ ಹಿಂದೆ, ನೆಲಮಾಳಿಗೆಯ ಬಾಗಿಲ ಮೂಲೆ ಎಲ್ಲ ಒರೆಸಿ ನೋಡಿದೆ. ಬಿಳಿ ಹಾಗೇ ಇತ್ತು. ಅದರಿಂದ ಕೋಪ ಇನ್ನೂ ಹೆಚ್ಚಾಯಿತು. ಕೊಳೆ ಸಿಕ್ಕಿದ್ದರೆ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ದುಡ್ಡಿಗೆ ಗುಡಿಸಿದ ಮೆಟ್ಟಿಲು ಶುಚಿಯಾಗಿದ್ದರೂ ನನ್ನ ಲೆಕ್ಕದಲ್ಲಿ ಶುಚಿಯಲ್ಲ. ಮೊನ್ನೆ ಅವಳು “ನಮಸ್ಕಾರ” ಅಂದಳು. ನಾನು ಬಾಯಿ ಬಿಡಲಿಲ್ಲ. ಒಂದು ಸಲ ಮಾತಾಡಿಸಿದರೆ ಅಂಥವರು ಸಮಾನವಾಗಿ ಬಂದು ನಿಲ್ಲುತ್ತಾರೆ.

ನಾನಂತೂ ನನ್ನ ಸರದಿಯನ್ನು ಈಗ ಗುರುವಾರವೇ ಮುಗಿಸುತ್ತೇನೆ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ. ನಿಧಾನವಾಗಿ ಮಾಡಬಹುದು, ಯಾರೂ ಅಡ್ಡ ಬರುವುದಿಲ್ಲ.

ಈಸ್ಟರ್ ಆದ ಮೇಲೆ ಕಟ್ಟಡದವರೆಲ್ಲರ ಸಭೆ ಕರೆದಿದ್ದೇನೆ. ಅಲ್ಲಿಗೆ ನಿನ್ನಿಂದ ಒಂದು ಸಹಾಯ ಬೇಕು. ಟೀಚರ್ ತಾನು ಉತ್ತರದ ದೊಡ್ಡ ಊರುಗಳನ್ನೆಲ್ಲ ಕಂಡವಳು, ಅಲ್ಲಿ ಹೀಗೇ ನಡೆಯುತ್ತದೆ ಎಂದು ವಾದ ಮಾಡುತ್ತಾಳೆ. ನೀನು ಅಲ್ಲೇ ಇರುವವಳು. ಹ್ಯಾಂಬರ್ಗಿನ ಮರ್ಯಾದಸ್ಥರ ಮನೆಗಳಲ್ಲಿ ಇಂಥ ಮೆಟ್ಟಿಲು ಹೆಂಗಸರಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂದು ನಾಲ್ಕು ಸಾಲು ಬರೆದು ಕಳಿಸು. ನಿನ್ನ ಅಕ್ಷರ ಚೆನ್ನಾಗಿದೆ. ಸಭೆಯಲ್ಲಿ ಓದುತ್ತೇನೆ.

ನಿನ್ನ ಅಕ್ಕ,
ರೀಕೆ


ಹ್ಯಾಂಬರ್ಗ್, ೧೧ ಏಪ್ರಿಲ್ ೧೯೬೬, ಈಸ್ಟರ್ ಸೋಮವಾರ

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬರೆಯದಿದ್ದರೆ ಇವತ್ತು ನಾನು ಏನಾದರೂ ಒಡೆದುಹಾಕುತ್ತೇನೆ.

ಮೆಟ್ಟಿಲು ಹೆಂಗಸರಿಗೆ ಹ್ಯಾಂಬರ್ಗಿನ ಮರ್ಯಾದಸ್ಥರು ಎಷ್ಟು ಬೆಲೆ ಕೊಡುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರು ಬರೆಯಬಲ್ಲರು? ಹೆನ್ನಿಂಗ್ ಹೋದ ಚಳಿಗಾಲದಿಂದ ನಾನು ಅದನ್ನೇ ಮಾಡುತ್ತಿದ್ದೇನೆ. ನಮ್ಮ ಬೀದಿಯಲ್ಲೂ ಪಕ್ಕದ ಬೀದಿಯಲ್ಲೂ ಕೆಲವು ಕಟ್ಟಡಗಳು ನನ್ನವು. ಮೇಲಿನ ಮಹಡಿಯಿಂದ ಶುರುಮಾಡಿ ಕೆಳಗಿಳಿಯುತ್ತೇನೆ. ನೀರಿನಲ್ಲಿ ವಾಷಿಂಗ್ ಸೋಡಾ, ಹಿತ್ತಾಳೆಗೆ ಬೇರೆ ಬಟ್ಟೆ. ಹಾಗಾಗಿಯೇ ಮೂಲೆಗಳ ಬಗ್ಗೆ ಕೇಳಿದೆ.

ಬೆಲೆಯ ಮಾತು ಹೇಳುತ್ತೇನೆ ಕೇಳು. ನಾನು ಮಂಡಿಯೂರಿ ಒರೆಸುತ್ತಿರುವಾಗ ಅವರು ಬಕೆಟ್ ದಾಟುವ ಹಾಗೆ ನನ್ನನ್ನೂ ದಾಟುತ್ತಾರೆ. ಕೆಟ್ಟವರೇನಲ್ಲ. ಎರಡನೆಯ ಮಹಡಿಯ ಯಜಮಾನಿ ಪ್ರತಿ ಕ್ರಿಸ್‌ಮಸ್‌ಗೂ ಒಂದು ಡಬ್ಬಿ ಬಿಸ್ಕತ್ತು ಕೊಡುತ್ತಾಳೆ, ಪ್ರತಿ ಸಲವೂ “ನಿಮ್ಮ ಹೆಸರೇನಂದ್ರಿ?” ಎಂದು ಕೇಳುತ್ತಾಳೆ. ನನಗದು ಅಭ್ಯಾಸವಾಗಿದೆ. ನಿನ್ನ ಪತ್ರ ಅಭ್ಯಾಸವಾಗಿಲ್ಲ.

ನಿನ್ನ ಕೈಗವಸಿನೊಳಗೆ ನನ್ನ ಕೈ ಹೋಗುವುದಿಲ್ಲ, ರೀಕೆ. ನೀನು ನನ್ನ ಮದುವೆಯ ಕಾಲದ ಕೈಯ ಅಳತೆಗೆ ತಂದಿದ್ದೀಯ. ಈಗ ಗೆಣ್ಣುಗಳು ಊದಿವೆ, ಚಳಿಗಾಲದಲ್ಲಿ ಬೆರಳ ಸಂದಿ ಬಿರಿದು ರಕ್ತ ಬರುತ್ತದೆ.

ಇದನ್ನೆಲ್ಲ ನಿನಗೆ ಹೇಳಿದರೆ ಕೋಣೆ ತಪ್ಪುತ್ತದೆಂದು ಹೆದರಿಕೆ. ಹೇಳದೆ ಬಂದರೆ ಪ್ರತಿ ಶನಿವಾರ ನಿನ್ನ ಅಡುಗೆಮನೆಯಲ್ಲಿ ಕೂತು ಇಂಥ ಮಾತನ್ನೇ ಕೇಳಬೇಕು. ಯಾವುದು ವಾಸಿ ಎಂದು ತಿಳಿಯುತ್ತಿಲ್ಲ. ನಾನು ನಿನ್ನ ಮೇಲೆ ಎಷ್ಟು ಕೋಪಗೊಂಡಿದ್ದೇನೆಂದರೆ ಪೆನ್ನು ಕಾಗದವನ್ನು ತೂತು ಮಾಡುತ್ತಿದೆ.

ಟೆಕ್ಲಾ


ಹ್ಯಾಂಬರ್ಗ್, ೧೩ ಏಪ್ರಿಲ್ ೧೯೬೬

ಪ್ರಿಯ ಅಕ್ಕಾ,

ನೀನು ಕೇಳಿದ ನಾಲ್ಕು ಸಾಲು ನನ್ನಿಂದಾಗುವುದಿಲ್ಲ. ಇಲ್ಲಿ ಮನೆ ಮಾಲೀಕರೇ ಹೆಂಗಸರನ್ನು ಇಡುತ್ತಾರೆ, ಅದು ಇಲ್ಲಿನ ರೂಢಿ. ಅದರಲ್ಲಿ ತಪ್ಪೇನೆಂದು ನನಗೆ ಗೊತ್ತಿಲ್ಲ. ಸಭೆಯಲ್ಲಿ ನನ್ನ ಹೆಸರು ತೆಗೆಯಬೇಡ.

ಇಲ್ಲಿ ಇನ್ನೂ ಚಳಿ ಹೋಗಿಲ್ಲ.

ಟೆಕ್ಲಾ


ಸ್ಟುಟ್‌ಗಾರ್ಟ್, ೨೪ ಏಪ್ರಿಲ್ ೧೯೬೬

ಟೆಕ್ಲಾ,

ನಿನ್ನ ಚೀಟಿ ಬಂತು. ಅದನ್ನು ಪತ್ರವೆಂದು ಕರೆಯಲು ನನಗೆ ಮನಸ್ಸಿಲ್ಲ.

ಈಗ ಅರ್ಥವಾಯಿತು. ನೀನು ಕೂಡ ನಿನ್ನ ಮೆಟ್ಟಿಲನ್ನು ದುಡ್ಡು ಕೊಟ್ಟೇ ಗುಡಿಸಿಸುತ್ತೀಯ. ಹೌದು ತಾನೆ? ಅದಕ್ಕೇ ಟೀಚರ್ ಪರವಾಗಿ ಮಾತಾಡುತ್ತಿರುವುದು. ಅಪ್ಪನ ಮನೆಯಲ್ಲಿ ಪೊರಕೆ ಹಿಡಿದು ಬೆಳೆದವಳು ಉತ್ತರದ ಗಾಳಿ ಕುಡಿದು ದೊಡ್ಡಮ್ಮನಾಗಿಬಿಟ್ಟೆ. ಇಲ್ಲಿಗೆ ಬಂದ ಮೇಲೆ ಆ ಠೀವಿಯನ್ನೆಲ್ಲ ರೈಲಿನಲ್ಲೇ ಬಿಟ್ಟು ಇಳಿ. ನನ್ನ ಮನೆಗೆ ಯಾವ ಕೂಲಿಯವಳೂ ಬಕೆಟ್ ಹಿಡಿದು ಬರುವುದಿಲ್ಲ, ಬದುಕಿರುವ ತನಕ.

ಸಭೆ ಹಾಳಾಯಿತು. ಕೆಳಮನೆಯವರು ಟೀಚರ್ ಕಡೆ ಸೇರಿಕೊಂಡರು. “ಮೆಟ್ಟಿಲು ಕ್ಲೀನಾಗಿದ್ರೆ ಸಾಕಲ್ವಾ ರೀಕೆಯಮ್ಮಾ, ಯಾರ್ ಗುಡಿಸಿದ್ರೇನು?” ಅಂದ ಆ ಮನುಷ್ಯ, ಪೈಪ್ ಬಾಯಲ್ಲೇ ಇಟ್ಟುಕೊಂಡು. ಮೇಲಿನವರು ಬರಲೇ ಇಲ್ಲ. ಕೊನೆಗೆ ಟೀಚರ್ ಎಲ್ಲರೆದುರು ನನ್ನ ಮಂಡಿಯ ಬಗ್ಗೆ ಏನೋ ಅಂದಳು.

“ಗುರುವಾರ ನನಗೆ ಬೆಳಗ್ಗೆ ಪಾಠ ಇರಲ್ಲ. ನೀವು ಒಂದೊಂದೇ ಮೆಟ್ಟಿಲ ಮೇಲೆ ಕೂತ್ಕೊಂಡು ಒರೆಸೋದನ್ನ ನೋಡಿದೀನಿ. ನಮ್ ಮೆಟ್ಟಿಲು ಒರೆಸೋ ಪೊಕೋರ್ನಿಯಮ್ಮಂಗೆ ಹೇಳ್ಲಾ? ನಿಮ್ಮದೂ ಮಾಡ್ತಾರೆ.”

ಎಷ್ಟು ಸೊಕ್ಕು ನೋಡು. ನನ್ನ ಮಂಡಿ ಚೆನ್ನಾಗಿದೆ. ನಾನು ಕೂತು ಒರೆಸುವುದು ಸಂದಿಗಳು ಸರಿಯಾಗಿ ಕಾಣಲಿ ಎಂದು.

ನೀನು ಯಾವಾಗ ಹೊರಡುತ್ತೀಯ? ಅದನ್ನು ಬರೆ.

ರೀಕೆ


ಸ್ಟುಟ್‌ಗಾರ್ಟ್, ೧ ಜೂನ್ ೧೯೬೬

ಟೆಕ್ಲಾ,

ಒಂದು ತಿಂಗಳ ಮೇಲಾಯಿತು. ಮೊನ್ನೆಯ ಪೆಂಟಕೋಸ್ಟ್ ಹಬ್ಬಕ್ಕೂ ಒಂದು ಕಾರ್ಡಿಲ್ಲ. ಕಾಯಿಲೆಯೇ? ಕೋಪವೇ? ಕೋಪ ಮಾಡಿಕೊಳ್ಳಲು ನಾನೇನು ಬರೆದೆ? ನಿನ್ನ ಬಗ್ಗೆ ನಾನು ಒಂದೂ ಕೆಟ್ಟ ಮಾತು ಆಡಿಲ್ಲ, ಬೇರೆಯವರ ಬಗ್ಗೆ ಮಾತ್ರ ಆಡಿದ್ದೇನೆ.

ಹೇಬರ್ಲೆಯಮ್ಮ ದಿನವೂ ಕೇಳುತ್ತಾಳೆ, “ಎಲ್ಲಿ ನಿಮ್ ತಂಗಿ? ಹಡಗಲ್ಲಿ ಬರ್ತಿದಾರಾ?” ಅವಳ ಅಣ್ಣನ ಮಗ ಇಲ್ಲಿಗೆ ಓದಲು ಬರುತ್ತಾನಂತೆ, ಕೋಣೆ ಬೇಕಂತೆ. ನಾನು ಇನ್ನೂ ಏನೂ ಹೇಳಿಲ್ಲ. ಹೂಂ ಅನ್ನಲೆ, ಇಲ್ಲ ಅನ್ನಲೆ?

ಗೋಡೆಗೆ ಸುಣ್ಣ ಹೊಡೆಸಿದ್ದೇನೆ. ಯಾರಿಗಾಗಿ ಹೊಡೆಸಿದೆನೋ ದೇವರಿಗೇ ಗೊತ್ತು.

ರೀಕೆ


ಹ್ಯಾಂಬರ್ಗ್, ೧೨ ಜೂನ್ ೧೯೬೬

ಅಕ್ಕಾ,

ನಾನು ಮೆಟ್ಟಿಲು ದುಡ್ಡು ಕೊಟ್ಟು ಗುಡಿಸಿಸುವುದಿಲ್ಲ. ದುಡ್ಡು ತೆಗೆದುಕೊಂಡು ಗುಡಿಸುತ್ತೇನೆ. ಹೆನ್ನಿಂಗ್ ಹೋದಾಗಿನಿಂದ ಅದೇ ನನ್ನ ಜೀವನ. ಈಸ್ಟರ್ ಹೊತ್ತಿಗೇ ಇದನ್ನು ಬರೆದಿದ್ದೆ, ಅಂಚೆಗೆ ಹಾಕುವ ಧೈರ್ಯ ಬರಲಿಲ್ಲ. ಆಮೇಲೆ ನಿನ್ನ ಏಪ್ರಿಲ್ ಪತ್ರ ಬಂತು. ಅದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಸಿಟ್ಟಿಗೆ ಕಾಗದ ಹರಿದುಹಾಕಿದೆ.

ಹೆನ್ನಿಂಗ್ ಯಾವ ಕಂಪನಿಯ ಅಧಿಕಾರಿಯೂ ಅಲ್ಲ. ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ. ಅದು ನಿನಗೆ ಮದುವೆಯ ದಿನವೇ ಗೊತ್ತಿತ್ತು. ಅವನಿಗೆ ಬಡ್ತಿ ಕೊಟ್ಟವಳು ನೀನು, ಅದೂ ಸತ್ತ ಮೇಲೆ. ಅಧಿಕಾರಿಯ ಹೆಂಡತಿಯನ್ನು ಕರೆಸಿಕೊಳ್ಳಲು ಸುಣ್ಣ ಹೊಡೆಸಿದ್ದೀಯ. ಅಂಥವಳು ಯಾರೂ ನನಗೆ ಗೊತ್ತಿಲ್ಲ.

ಬೇರೆಯವರ ಬಗ್ಗೆ ಮಾತ್ರ ಆಡಿದೆ ಅನ್ನುತ್ತೀಯಲ್ಲ, ಆ ಬೇರೆಯವಳು ನಾನು. ಮಾನವಿಲ್ಲದವಳು ನಾನು. ನಮಸ್ಕಾರ ಅಂದರೆ ಬಾಯಿ ಬಿಡಬಾರದವಳು ನಾನು. ಇಲ್ಲಿ ನನ್ನನ್ನು ದಾಟಿ ಹೋಗುವವರನ್ನು ಸಹಿಸಿಕೊಂಡಿದ್ದೇನೆ, ಯಾಕೆಂದರೆ ಅವರು ನನ್ನ ಅಕ್ಕನಲ್ಲ.

ನಿನ್ನ ಮಂಡಿ ಚೆನ್ನಾಗಿಲ್ಲ. ಸಂದಿ ಕಾಣಲೆಂದು ಯಾರೂ ಮೆಟ್ಟಿಲ ಮೇಲೆ ಕೂತು ಒರೆಸುವುದಿಲ್ಲ. ಈ ಕೆಲಸ ಮಾಡುವವರೆಲ್ಲ ಒಂದು ದಿನ ಹಾಗೆ ಕೂರುತ್ತಾರೆ, ನನಗೂ ಆ ದಿನ ದೂರವಿಲ್ಲ. ನಿನಗೆ ಎದ್ದು ನಿಲ್ಲಲಾಗುತ್ತಿಲ್ಲ. ಅದಕ್ಕೇ ಗುರುವಾರ, ಅದಕ್ಕೇ ಯಾರೂ ಇಲ್ಲದ ಹೊತ್ತು, ಅದಕ್ಕೇ ನನಗೆ ಕೋಣೆ. ಇದನ್ನು ನೇರವಾಗಿ ಕೇಳಿದ್ದರೆ ನಾನು ಮಾರ್ಚಿನಲ್ಲೇ ಬಂದಿರುತ್ತಿದ್ದೆ.

ಈಗಲೂ ಬರುತ್ತೇನೆ. ನಿನ್ನ ಸರದಿಯನ್ನೂ ಮಾಡುತ್ತೇನೆ, ಶನಿವಾರವೇ, ಎಲ್ಲರೆದುರೇ. ಆದರೆ ಒಂದು ಷರತ್ತಿದೆ. ಹೇಬರ್ಲೆಯಮ್ಮನ ಬೇಕರಿಯಲ್ಲಿ ಜನ ಇರುವಾಗ ನಿಂತು ಹೇಳು, ನನ್ನ ತಂಗಿ ಹ್ಯಾಂಬರ್ಗಿನಲ್ಲಿ ಮೆಟ್ಟಿಲು ಒರೆಸುತ್ತಿದ್ದಳು, ಈಗ ಇಲ್ಲಿಗೆ ಬರುತ್ತಾಳೆ ಎಂದು. ಇಷ್ಟೇ. ಹೇಳಿದ ಮೇಲೆ ಬರೆ, ಟಿಕೆಟ್ ತೆಗೆಸುತ್ತೇನೆ.

ಟೆಕ್ಲಾ


ಸ್ಟುಟ್‌ಗಾರ್ಟ್, ೩ ಜುಲೈ ೧೯೬೬

ಪ್ರಿಯ ಟೆಕ್ಲಾ,

ನಿನ್ನ ಪತ್ರ ಬಂತು. ಓದಿದೆ. ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಈ ವರ್ಷ ಚೆರ್ರಿ ಹಣ್ಣು ಚೆನ್ನಾಗಿ ಬಂದಿದೆ. ಜಾಮ್ ಮಾಡಿದೆ, ನಿನಗೂ ಸೇರಿಸಿಯೇ.

ಎಷ್ಟು ಕಷ್ಟಪಟ್ಟಿರಬೇಕು ನೀನು. ನನಗೆ ಬರೆಯಬಾರದಿತ್ತೆ? ಏನಾದರೂ ಕಳಿಸುತ್ತಿದ್ದೆ. ಇರಲಿ, ಆದದ್ದು ಆಯಿತು. ಅದು ಇಲ್ಲಿ ಯಾರಿಗೂ ಗೊತ್ತಾಗಬೇಕಾಗಿಲ್ಲ. ಹ್ಯಾಂಬರ್ಗ್ ಎಲ್ಲಿ, ನಮ್ಮ ಬೀದಿ ಎಲ್ಲಿ. ಯಾರಾದರೂ ಕೇಳಿದರೆ ಹೆನ್ನಿಂಗ್‌ನ ಪಿಂಚಣಿ ಅನ್ನೋಣ, ಸ್ವಲ್ಪವಾದರೂ ಬರುತ್ತದಲ್ಲ, ಪೂರ್ತಿ ಸುಳ್ಳೇನಲ್ಲ. ಇಲ್ಲಿಗೆ ಬಂದು ನಮ್ಮ ಮನೆಯ ಸರದಿ ನೀನು ಮಾಡಿದರೆ ಅದು ಮನೆಯ ಕೆಲಸ, ಕೂಲಿಯಲ್ಲ. ಅದರಲ್ಲಿ ಯಾವ ಅವಮಾನವೂ ಇಲ್ಲ. ಆ ಪೊಕೋರ್ನಿಯಂಥವರ ಜೊತೆ ನಿನ್ನನ್ನು ನೀನೇ ಸೇರಿಸಿಕೊಳ್ಳಬೇಡ. ನೀನು ಬೇರೆ.

ಬೇಕರಿಯ ಮಾತು ಬಿಟ್ಟುಬಿಡು. ಯಾಕೆ ಸುಮ್ಮನೆ.

ನಿನ್ನ ಅಕ್ಕ,
ರೀಕೆ


ಹ್ಯಾಂಬರ್ಗ್, ೧೦ ಜುಲೈ ೧೯೬೬

ರೀಕೆ,

ಅದೇ ಪೊರಕೆ, ಅದೇ ಸೋಡಾ ನೀರು, ಅದೇ ಮಂಡಿ. ದುಡ್ಡು ತೆಗೆದುಕೊಂಡರೆ ಕೀಳು, ಪುಕ್ಕಟೆ ಮಾಡಿದರೆ ಮರ್ಯಾದೆ. ಇದನ್ನು ಇನ್ನೊಂದು ಸಲ ಓದಿ ನೋಡು, ನೀನೇ ಬರೆದದ್ದು.

ನಾನು ಬೇರೆ ಅಲ್ಲ.

ಊರಾಚೆ ಒಂದು ಕೋಣೆ ನೋಡಿದ್ದೇನೆ. ಆಗಸ್ಟ್ ಕೊನೆಯೊಳಗೆ ಅವರಿಗೆ ಉತ್ತರ ಕೊಡಬೇಕು. ಬೇಕರಿಯಲ್ಲಿ ಹೇಳಿದ ಮೇಲೆ ಬರೆ. ಅಲ್ಲಿಯ ತನಕ ಬರೆಯಬೇಡ.

ಟೆಕ್ಲಾ


ಸ್ಟುಟ್‌ಗಾರ್ಟ್, ೬ ಆಗಸ್ಟ್ ೧೯೬೬

ಟೆಕ್ಲಾ,

ಬರೆಯಬೇಡ ಅಂದಿದ್ದೆ. ಬರೆಯುತ್ತಿದ್ದೇನೆ, ಕೊನೆಯ ತನಕ ಓದು.

ಇವತ್ತು ಬೆಳಗ್ಗೆ ಬೇಕರಿಗೆ ಹೋದೆ. ಶನಿವಾರ, ಅಂಗಡಿ ತುಂಬ ಜನ. ಎಲ್ಲರೂ ಇರುವಾಗಲೇ ಹೇಳಬೇಕೆಂದು ಲೆಕ್ಕ ಹಾಕಿಯೇ ಹೋಗಿದ್ದೆ. ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಂಡೇ ಹೋದೆ. ಹೇಬರ್ಲೆಯಮ್ಮ ಬ್ರೆಡ್ ಸುತ್ತುತ್ತ ಎಂದಿನ ಹಾಗೆ ಕೇಳಿದಳು, “ಏನಂತಾರೆ ಹ್ಯಾಂಬರ್ಗ್ ತಂಗಿ? ಅಲ್ಲಿ ಏನ್ ಮಾಡ್ಕೊಂಡಿದಾರೆ ಒಬ್ರೇ?”

“ಅವಳಿಗೆ ಮೆಟ್ಟಿಲು...” ಅಂದೆ.

“ಮೆಟ್ಟಿಲು?”

“ಅಲ್ಲಿ ಕೆಲವು ಕಟ್ಟಡ ನೋಡ್ಕೋತಾಳೆ.”

“ಓಹೋ, ಸ್ವಂತದ್ದಾ?”

ನಾನು ಹೂಂ ಅಂದೆ. ಟೆಕ್ಲಾ, ನಾನು ಹೂಂ ಅಂದುಬಿಟ್ಟೆ. ಹಿಂದೆ ನಿಂತಿದ್ದ ಹೆಂಗಸು “ಅಬ್ಬಾ, ಪುಣ್ಯವಂತೆ” ಅಂದಳು. ಹಡಗು ಕಂಪನಿ ಸಾಲದೆಂದು ಈಗ ನಿನಗೆ ಬೀದಿಯನ್ನೇ ಬರೆದುಕೊಟ್ಟು ಬಂದಿದ್ದೇನೆ. ನನ್ನ ನಾಲಗೆಯ ಮೇಲೆ ನನಗೇ ಎಂಥ ಹೇಸಿಗೆ ಬಂತೆಂದರೆ ಬ್ರೆಡ್ಡನ್ನು ಕೌಂಟರಿನಲ್ಲೇ ಬಿಟ್ಟು ಹೊರಟೆ.

ಮೆಟ್ಟಿಲು ಹತ್ತುವಾಗ ಮಂಡಿ ಕೈಕೊಟ್ಟಿತು. ನೀನು ಬರೆದದ್ದು ನಿಜ. ಕಳೆದ ಶರತ್ಕಾಲದಿಂದಲೇ ಹೀಗೆ. ಮೊದಲ ಮತ್ತು ಎರಡನೆಯ ಮಹಡಿಯ ನಡುವೆ ಕೂತುಬಿಟ್ಟೆ. ಏಳಲು ನೋಡಿದೆ, ಆಗಲಿಲ್ಲ. ಕಂಬಿ ಹಿಡಿದುಕೊಂಡು ಅಲ್ಲೇ ಅತ್ತೆ. ನೋವಿಗೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಈ ವಾರ ಟೀಚರ್ ಸರದಿ. ಮೇಲಿನಿಂದ ಪೊರಕೆಯ ಸದ್ದು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು. ನನ್ನ ಹಿಂದೆ ಬಂದು ನಿಂತಿತು. ನಾನು ಸರಿಯಲಾರೆ, ಆ ಪೊಕೋರ್ನಿ ದಾಟಲಾರಳು.

“ಕಾಲು ಸ್ವಲ್ಪ ಎತ್ತಕ್ಕಾಗತ್ತಾ?” ಅಂದಳು.

“ಆಗಲ್ಲ,” ಅಂದೆ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಮೇಲಿನ ಮೆಟ್ಟಿಲಲ್ಲೇ ಕೂತಳು. “ಹಾಗಾದ್ರೆ ಒಣಗೋ ತನಕ ಇಬ್ರೂ ಕೂತ್ಕೋಬೇಕು. ಮೇಲೆಲ್ಲ ಒದ್ದೆ ಮಾಡಿದೀನಿ.”

ನನಗೆ ಕರವಸ್ತ್ರ ಕೊಡಲಿಲ್ಲ, ಸಮಾಧಾನ ಹೇಳಲಿಲ್ಲ. ನಾನು ಅವಳನ್ನು ಮಾತಾಡಿಸಿದ್ದರೆ ತಾನೆ ಅವಳು ಹೇಳುವುದು. ಕೆಳಗೆ ಕೆಳಮನೆಯವನು ಬಾಗಿಲು ತೆರೆದು ನಮ್ಮಿಬ್ಬರನ್ನು ನೋಡಿ, ಪೈಪ್ ಕಚ್ಚಿಕೊಂಡು ಮತ್ತೆ ಮುಚ್ಚಿದ.

ಆಗ ನನ್ನ ಬಾಯಿಂದ ಬಂತು. ಬೇಕರಿಯಲ್ಲಿ ಬಾರದ್ದು ಆ ಮೆಟ್ಟಿಲ ಮೇಲೆ ಬಂತು.

“ನನ್ ತಂಗಿನೂ ಇದೇ ಕೆಲಸ ಮಾಡ್ತಾಳೆ. ಹ್ಯಾಂಬರ್ಗಲ್ಲಿ.”

ಅವರು ಬಗ್ಗಿ ನನ್ನ ಮುಖ ನೋಡಿದರು. ಹಂಗಿಸುತ್ತಿದ್ದೇನೆ ಅಂದುಕೊಂಡರೇನೋ.

“ನಿಜವಾಗ್ಲೂ. ಗಂಡ ಹೋದಾಗಿಂದ,” ಅಂದೆ.

“ಹೆಸರೇನು ಅವರದು?”

“ಟೆಕ್ಲಾ.”

“ಹ್ಯಾಂಬರ್ಗ್ ಅಂದ್ರೆ ಚಳಿ ಜಾಸ್ತಿ,” ಅಂದರು. ತಮ್ಮ ಕೈಯನ್ನು ಮಡಿಲ ಮೇಲೆ ತಿರುಗಿಸಿ ನೋಡಿಕೊಂಡರು. ಬೆರಳ ಸಂದಿಗಳೆಲ್ಲ ಬಿರಿದಿದ್ದವು, ಈ ಬೇಸಿಗೆಯಲ್ಲೂ. “ಸೋಡಾ ನೀರಲ್ಲಿ ಚಳಿಗಾಲ ಕಳೆಯೋದು ಬಲು ಕಷ್ಟ. ಅವರು ಕೈಗೇನು ಹಚ್ಕೋತಾರೆ? ನಾನು ಎಲ್ಲ ಹಚ್ಚಿ ನೋಡಿದೆ, ಕುರಿ ಕೊಬ್ಬು, ಮೇಣ, ಯಾವುದೂ ಹಿಡಿಯಲ್ಲ.”

ನಿನಗೆ ಕುರಿತೊಗಲಿನ ಕೈಗವಸು ಕಳಿಸಿದವಳು ನಾನು, ಅದು ಹೇಗಿದೆ ಎಂದು ಕೇಳಿದವಳು, ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ಗದರಿದವಳು. ನಿನ್ನ ಕೈ ಹೇಗಿದೆ ಎಂದು ಒಂದು ಸಲವೂ ಕೇಳಿಲ್ಲ. ಅದು ಪೆಟ್ಟಿಗೆಯಲ್ಲಿ ಯಾಕಿದೆಯೆಂದು ಆ ಮೆಟ್ಟಿಲ ಮೇಲೆ ಕೂತಾಗ ಹೊಳೆಯಿತು.

“ಗೊತ್ತಿಲ್ಲ,” ಅಂದೆ. “ಕೇಳಿ ಹೇಳ್ತೀನಿ ನಿಮಗೆ.”

ಮೆಟ್ಟಿಲು ಒಣಗಿತು. ಅವರು ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಬಾಗಿಲ ತನಕ ಬಿಟ್ಟರು. ಆಮೇಲೆ ಉಳಿದ ಮೆಟ್ಟಿಲು ಮುಗಿಸಿ ಸರದಿ ಹಲಗೆಯನ್ನು ತಂದು ನನ್ನ ಬಾಗಿಲಿಗೆ ತೂಗಿಹಾಕಿದರು. ಮುಂದಿನ ವಾರ ನನ್ನದು. “ಶನಿವಾರ ಬರ್ಲಾ?” ಎಂದು ಕೇಳಿದರು. ಬನ್ನಿ ಅಂದೆ. ದುಡ್ಡು ಕೊಡುತ್ತೇನೆ, ಬಾಗಿಲು ತೆರೆದಿಟ್ಟುಕೊಂಡೇ.

ಬೇಕರಿಯಲ್ಲಿ ಇನ್ನೂ ಹೇಳಿಲ್ಲ. ನಿನ್ನ ಷರತ್ತು ಪೂರ್ತಿಯಾಗಿಲ್ಲವೆಂದು ನನಗೆ ಗೊತ್ತು. ಸೋಮವಾರ ಮತ್ತೆ ಹೋಗುತ್ತೇನೆ, ಬಿಟ್ಟುಬಂದ ಬ್ರೆಡ್ಡಿದೆ. ಅಲ್ಲಿ ನನ್ನ ನಾಲಗೆ ಏನು ಮಾಡುತ್ತದೋ ಮಾತು ಕೊಡಲಾರೆ. ಊರಾಚೆಯ ಕೋಣೆಯವರಿಗೆ ಇನ್ನೂ ಹೂಂ ಅನ್ನಬೇಡ.

ಬರುವ ಮನಸ್ಸಿಲ್ಲದಿದ್ದರೂ ಇದಕ್ಕೊಂದು ಉತ್ತರ ಬರೆ. ಕೈಗೆ ಏನು ಹಚ್ಚುತ್ತೀಯ? ಶನಿವಾರ ಪೊಕೋರ್ನಿಯಮ್ಮ ಬರುತ್ತಾರೆ, ಕೇಳುತ್ತಾರೆ.

ರೀಕೆ